ಮಾಂಗಾ ಬಣ್ಣದ ಐದು ಸರ

ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ದಾಟಿ ಎಡಕ್ಕೆ ತಿರುಗಿದರೆ ಸಿಗುವ ಓಣಿಯಲ್ಲಿ ಒಂದು ನೀಲಿ ಬಾಗಿಲಿನ ಮನೆ, ಆ ಬಾಗಿಲ ಮೇಲೆ ಒಂದು ಮಣಿ ತೋರಣ ಇದೆ, ಅಥವಾ ಇತ್ತು, ಅದರ ಕಥೆ ಆಮೇಲೆ. ಎರಡು ತುದಿಗೆ ಎರಡು ಹಸಿರು ಗಿಳಿ, ಗಿಳಿಗಳ ನಡುವೆ ಹಸಿರು ಎಲೆಗಳ ಬಳ್ಳಿ, ಬಳ್ಳಿಯ ಕೆಳಗೆ ಬಿಳಿ ಮಣಿಯ ದಪ್ಪ ಅಕ್ಷರಗಳಲ್ಲಿ 'ಸುಸ್ವಾಗ'. ಅಷ್ಟೇ. 'ತ' ಇಲ್ಲ. ಅದು ಯಾವ ಕಾಲದಲ್ಲೋ ಉದುರಿಹೋಗಿರಬೇಕು ಅಂತ ಮನೆಯವರೆಲ್ಲ ನಂಬಿದ್ದರು, ಬಂದ ನೆಂಟರೂ ನಂಬಿದ್ದರು. ಓದು ಕಲಿಯುವ ಕಾಲದಲ್ಲಿ ಆ ಮನೆಯ ಮಗಳು ವಾಣಿಶ್ರೀ 'ಸುಸ್ವಾಗ' ಅನ್ನುವುದೇ ಪೂರ್ತಿ ಪದ ಅಂದುಕೊಂಡು ಶಾಲೆಯ ಬೋರ್ಡಿನ ಮೇಲೆ ಹಾಗೇ ಬರೆದು ಬೈಸಿಕೊಂಡಿದ್ದಳು.

ಈಗ ವಾಣಿಶ್ರೀಗೆ ಇಪ್ಪತ್ತನಾಲ್ಕು. ಡಿಗ್ರಿ ಮುಗಿದಿದೆ, ಅದೊಂದು ಮುಗಿದಿದೆ. ಮಿಕ್ಕಿದ್ದೆಲ್ಲ ಅರ್ಧಕ್ಕೇ ನಿಂತಿದೆ. ಟೈಲರಿಂಗ್ ಕ್ಲಾಸಿಗೆ ಹೋದ ನೆನಪಿಗೆ ಒಂದೇ ತೋಳಿನ ರವಿಕೆ ಟ್ರಂಕಿನಲ್ಲಿದೆ. ಕಂಪ್ಯೂಟರ್ ಕೋರ್ಸು ಪರೀಕ್ಷೆಯ ಹಿಂದಿನ ವಾರ ನಿಂತಿತು. ಕನ್ನಡಿ ಕೂರಿಸಿದ ದಿಂಬಿನ ಕವರಿಗೆ ಒಂದು ಮೂಲೆಯಲ್ಲಿ ಮಾತ್ರ ಕನ್ನಡಿ ಇದೆ, ಆ ಮೂಲೆ ಕೆನ್ನೆಗೆ ಚುಚ್ಚುತ್ತದೆ ಅಂತ ಅದನ್ನು ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ತಮ್ಮ ಅಂಬರೀಶ ಅವಳನ್ನು ಕರೆಯುವುದೇ 'ಅರ್ಧ ವಾಣಿ' ಅಂತ. ಅಮ್ಮ ಮುನಿಶಾಮಮ್ಮನಂತೂ ಮಗಳು ಅನ್ನದ ತಟ್ಟೆಯಲ್ಲಿ ಎರಡು ತುತ್ತು ಬಿಟ್ಟರೂ ಆ ಮಾತಿಗೇ ಬರುತ್ತಾಳೆ, ನಿನ್ನ ಕೈಲಿ ಒಂದಾದರೂ ಮುಗಿದದ್ದುಂಟಾ ಅಂತ.

ಹೀಗಿರುವಾಗ ಸೆಲ್ವಿಯ ಮದುವೆ ಗೊತ್ತಾಯಿತು. ಸೆಲ್ವಿ ಅಂದರೆ ಕೆಜಿಎಫ್‌ನ ಮೈಸೂರು ಮೈನ್ಸ್ ಅನ್ನುವ ಗಣಿಯ ಲೈನ್ ಮನೆಯ ಹುಡುಗಿ, ಕಾಲೇಜಿನಲ್ಲಿ ಮೂರು ವರ್ಷ ವಾಣಿಶ್ರೀಯ ಪಕ್ಕ ಕೂತು ಅವಳ ಡಬ್ಬಿಯ ಮುದ್ದೆ ತಿಂದು ತನ್ನ ಡಬ್ಬಿಯ ಲೆಮನ್ ರೈಸ್ ಕೊಟ್ಟವಳು, ಈಗ ಬೆಂಗಳೂರಿನ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ, ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಮದುವೆ ಚರ್ಚಿನಲ್ಲಿ. ಮದುಮಗಳ ಹಿಂದೆ ಐದು ಜನ ಗೆಳತಿಯರು ಒಂದೇ ಥರದ ಸೀರೆ ಉಟ್ಟು, ಒಂದೇ ಥರದ ಸರ ಹಾಕಿಕೊಂಡು, ಹೂಗುಚ್ಛ ಹಿಡಿದು ನಡೆಯಬೇಕು. ಬ್ರೈಡ್ಸ್‌ಮೇಡ್ಸ್. ಆ ಪದ ಮುನಿಶಾಮಮ್ಮನ ನಾಲಿಗೆಗೆ ಒಗ್ಗಲಿಲ್ಲ, ಆಕೆ ಕಳಸಗಿತ್ತಿ ಅಂದಳು. ನಮ್ಮಲ್ಲಿ ಒಬ್ಬಳು ಕಳಸಗಿತ್ತಿ, ಅವರಲ್ಲಿ ಐವರು, ಒಳ್ಳೇದೇ ಆಯಿತು ಬಿಡು ಅಂದಳು. ಆ ಐವರಲ್ಲಿ ವಾಣಿಶ್ರೀಯೂ ಒಬ್ಬಳು.

ಸರ ಮಾಡುವ ಕೆಲಸ ವಾಣಿಶ್ರೀಗೆ ಬಂದದ್ದು ಪ್ಲಾಟ್‌ಫಾರ್ಮಿನ ಮೇಲೆ. ಸಂಜೆಯ ಗಾಡಿ ಬಂಗಾರಪೇಟೆಯಲ್ಲಿ ನಿಲ್ಲುವಾಗ ಅವಳು ಗೆಳತಿಗೆ ಪಾನಿಪೂರಿ ಕಟ್ಟಿಸಿಕೊಂಡು ಹೋಗಿ ಕಿಟಕಿಯಲ್ಲಿ ಕೊಡುವುದು ಹಳೇ ರೂಢಿ. ಅವತ್ತು ಸೆಲ್ವಿ ಕಿಟಕಿಯ ಸರಳಿಗೆ ಮುಖ ಒತ್ತಿ ಒಂದೇ ಉಸಿರಿಗೆ ಹೇಳಿದಳು: ನಮ್ಮಪ್ಪನ ಅಕ್ಕ ಫಿಲೋಮಿನಾ ಅತ್ತೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಐದು ರೆಡಿಮೇಡ್ ಸರ ನೋಡಿಟ್ಟು ಬಂದಿದ್ದಾಳೆ, ನನಗೆ ಅದು ಬೇಡ, ಕಾಲೇಜಿನಲ್ಲಿ ನೀನು ನನಗೆ ಒಂದು ಮಣಿ ಸರ ಮಾಡಿಕೊಟ್ಟಿದ್ದೆಯಲ್ಲ ಅಂಥದ್ದೇ ಬೇಕು, ನನ್ನ ಗೆಳತಿ ಮಾಡುತ್ತಾಳೆ ಅಂತ ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದೀನಿ, ಅತ್ತೆ ನಕ್ಕಳು, ಈಗ ನೀನು ಮಾಡಲಿಲ್ಲ ಅಂದರೆ ನನ್ನ ಮರ್ಯಾದೆ ಹೋಯಿತು. ಕಾಲೇಜಿನಲ್ಲಿ ಕೊಟ್ಟಿದ್ದ ಸರವೂ ಅರ್ಧವೇ, ಮುಂದೆ ಮಣಿ, ಹಿಂದೆ ಬರೀ ದಾರ, ಅದು ಇಬ್ಬರಿಗೂ ಗೊತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಸೀರೆ ಚೆನ್ನೈಯಿಂದ ಬರಬೇಕಿತ್ತು, ಇನ್ನೂ ಬಂದಿರಲಿಲ್ಲ. ಸೆಲ್ವಿ ಫೋನಿನಲ್ಲಿ ಡಿಸೈನಿನ ಫೋಟೋ ತೋರಿಸಿದಳು, ಎರಡು ಎಳೆ, ನಡುನಡುವೆ ಮುತ್ತು, ಎಳೆಗಳು ಅಲ್ಲಲ್ಲಿ ಹೆಣೆದುಕೊಂಡು ಹೂವಾಗುತ್ತವೆ. ಅದರಲ್ಲಿ ಎಲ್ಲವೂ ಬಿಳಿ. ಅಷ್ಟರಲ್ಲಿ ಗಾಡಿ ಸಿಳ್ಳೆ ಹಾಕಿತು.

"ಬಿಳಿ ಬೇಡ ಡೀ, ನಮ್ದು ಪಚ್ಚ," ಅಂದಳು ಸೆಲ್ವಿ.

"ಎಂಥಾ ಪಚ್ಚ?" ವಾಣಿಶ್ರೀ ಗಾಡಿಯ ಜೊತೆ ನಡೆಯುತ್ತಾ ಕೇಳಿದಳು.

"ಮಾಂಗಾ ಕಲರ್. ಮಾಂಗಾ."

ಗಾಡಿ ಹೋಯಿತು. ಎಡವಟ್ಟಾಗಿದ್ದು ಇಲ್ಲೇ. ಸೆಲ್ವಿಯ ಮನೆಯ ಮಾತು ತಮಿಳು, ತಮಿಳಿನವರಿಗೆ ಪಚ್ಚ ಅಂದರೆ ಹಸಿರು, ಮಾಂಗಾ ಅಂದರೆ ಮಾವಿನಕಾಯಿ. ವಾಣಿಶ್ರೀಯ ಅಮ್ಮನ ತವರು ಪುಂಗನೂರಿನ ಕಡೆ, ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಅವಳ ಅಜ್ಜಿಗೆ ಪಚ್ಚ ಅಂದರೆ ಅರಿಶಿನದ ಬಣ್ಣ, ಹಸಿರು ಬೇಕಾದರೆ ಆಕುಪಚ್ಚ ಅನ್ನಬೇಕು, ಅಂದರೆ ಎಲೆಯ ಪಚ್ಚ. ಅಂಬರೀಶನಿಗೆ ಚಿಕ್ಕಂದಿನಲ್ಲಿ ಕಾಮಾಲೆ ಆಗಿ ಕಣ್ಣು ಹಳದಿ ತಿರುಗಿದಾಗ ಮನೆಯಲ್ಲೆಲ್ಲ ಪಚ್ಚ ಕಾಮೆರ್ಲು, ಪಚ್ಚ ಕಾಮೆರ್ಲು ಅಂತ ಗುಲ್ಲೆದ್ದದ್ದು ವಾಣಿಶ್ರೀಗೆ ಚೆನ್ನಾಗಿ ನೆನಪಿದೆ. ಸಾಲದ್ದಕ್ಕೆ ಮಾಂಗಾ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ, ಬೇಸಿಗೆ ಬಂತೆಂದರೆ ಮಂಚದ ಕೆಳಗೆಲ್ಲ ಹುಲ್ಲು ಹಾಸಿ ಮಾವು ಹಣ್ಣು ಮಾಡುವ ಮನೆಯಲ್ಲಿ ಬೆಳೆದವಳಿಗೆ ಮಾವು ಅಂದರೆ ಕಣ್ಣಿಗೆ ಬರುವ ಬಣ್ಣ ಒಂದೇ. ಹಳದಿ. ಅನುಮಾನ ಅವಳ ಹತ್ತಿರವೂ ಸುಳಿಯಲಿಲ್ಲ. ಅದೇ ಸಂಜೆ ಬಜಾರಿಗೆ ಹೋಗಿ ಫ್ಯಾನ್ಸಿ ಸ್ಟೋರಿನಲ್ಲಿದ್ದ ಹಳದಿ ಗಾಜಿನ ಮಣಿಯನ್ನೆಲ್ಲ ತಂದುಬಿಟ್ಟಳು.

ಮನೆಗೆ ಬಂದು ಮೂರು ಪ್ರತಿಜ್ಞೆ ಮಾಡಿದಳು. ಮದುವೆಗೆ ಮುಂಚೆ ಮುಗಿಸುತ್ತೀನಿ, ಐದೂ ಮುಗಿಸುತ್ತೀನಿ, ಮುಗಿಯುವ ತನಕ ಸೆಲ್ವಿ ಮನೆಯ ಯಾರಿಗೂ ತೋರಿಸುವುದಿಲ್ಲ. ಮೂರನೆಯದೇ ಮುಖ್ಯ. ಅರ್ಧ ಆದದ್ದನ್ನು ತೋರಿಸಿ ಶಭಾಷ್ ಅನ್ನಿಸಿಕೊಂಡ ಮೇಲೆ ಕೈ ತಾನಾಗಿ ನಿಂತುಬಿಡುತ್ತದೆ ಅನ್ನುವುದು ಅವಳಿಗೆ ಇಷ್ಟು ವರ್ಷದಲ್ಲಿ ತನ್ನ ಬಗ್ಗೆ ಗೊತ್ತಾಗಿದ್ದ ಒಂದೇ ಒಂದು ವಿಷಯ. ಆದ್ದರಿಂದ ಸೆಲ್ವಿ ಒಂದು ಫೋಟೋನಾದರೂ ಕಳಿಸು ಅಂತ ಎಷ್ಟು ಗೋಗರೆದರೂ ಇವಳು ಜಗ್ಗಲಿಲ್ಲ. ಪೂರ್ತಿ ಆಗಲಿ, ತೋರಿಸುತ್ತೀನಿ. ಒಂದೇ ಉತ್ತರ.

ಆಮೇಲೆ ಶುರುವಾಯಿತು ಗ್ರಹಚಾರ. ಗಾಜಿನ ಮಣಿಗಳಲ್ಲಿ ನಾಲ್ಕಕ್ಕೊಂದರ ತೂತು ಮುಚ್ಚಿತ್ತು. ಸೂಜಿ ಹೋದರೆ ದಾರ ಹೋಗದು, ದಾರ ಹೋದರೆ ಗಂಟು ನಿಲ್ಲದು. ಮೀನು ಹಿಡಿಯುವ ನೈಲಾನ್ ದಾರ ಗಟ್ಟಿ ಅಂತ ಯಾರೋ ಹೇಳಿದರು, ಅದು ಎಷ್ಟು ಗಟ್ಟಿ ಅಂದರೆ ಬಗ್ಗಲೇ ಇಲ್ಲ, ಸರ ಕತ್ತಿನ ಸುತ್ತ ಕೂರುವ ಬದಲು ಬುಟ್ಟಿಯ ಹಿಡಿಯ ಹಾಗೆ ಎದ್ದು ನಿಂತಿತು. ಅದನ್ನೆಲ್ಲ ಬಿಚ್ಚಿ ಬೇರೆ ದಾರಕ್ಕೆ ಏರಿಸಿದಳು. ದಾರದ ತುದಿಗೆ ಮೇಣ ಸವರಿದರೆ ಸೂಜಿಯಿಲ್ಲದೆಯೇ ಪೋಣಿಸಬಹುದು ಅಂತ ಗೊತ್ತಾಗುವ ಹೊತ್ತಿಗೆ ಅವಳ ತೋರುಬೆರಳು ಜರಡಿಯಾಗಿತ್ತು. ಗಂಟಿನ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಬಿಟ್ಟರೆ ಬಿಚ್ಚುವುದಿಲ್ಲ ಅಂದರು, ಬಿಟ್ಟಳು, ಬಿಚ್ಚಲಿಲ್ಲ ನಿಜ, ಆದರೆ ಒಣಗಿದ ಗಂಟು ಮುಳ್ಳಿನ ಹಾಗೆ ಕತ್ತಿಗೆ ಚುಚ್ಚತೊಡಗಿತು. ಅದೊಂದು ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಇದರ ಮಧ್ಯೆ ಸೆಲ್ವಿಯ ಮೆಸೇಜುಗಳು. ಸ್ವಲ್ಪ ಉದ್ದ ಮಾಡು. ಬೇಡ, ಗಿಡ್ಡವೇ ಇರಲಿ. ಐವರಲ್ಲಿ ಸುಮಿತಾಗೆ ಮಾತ್ರ ಉದ್ದ, ಅವಳ ಕತ್ತು ದಪ್ಪ, ಅವಳಿಗೆ ಹೇಳಬೇಡ. ಎರಡು ಎಳೆ ಬದಲು ಮೂರು ಆಗುತ್ತಾ. ಆಗಲ್ಲ ಅಂದರೆ ಬಿಡು. ವಾಣಿಶ್ರೀ ಪ್ರತಿ ಮೆಸೇಜಿಗೂ ಸರಿ ಅಂತ ಬರೆದು, ಫೋನನ್ನು ದಿಂಬಿನ ಕೆಳಗೆ ತುರುಕಿ, ಅದರ ಮೇಲೆ ಕೂತು ಪೋಣಿಸುತ್ತಿದ್ದಳು.

ಹಗಲು ಹೊತ್ತು ಅವಳಿಗೆ ಕೆಲಸ ತಾಲ್ಲೂಕು ಆಫೀಸಿನ ಎದುರಿನ ಜಯರಾಮಪ್ಪನ ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲೂ ಮಣಿ ಡಬ್ಬಿ ಜೊತೆಗಿತ್ತು. ಗಿರಾಕಿ ಇಲ್ಲದಾಗ ನಾಲ್ಕು ಮಣಿ, ಬಂದಾಗ ನಾಲ್ಕು ಕಾಪಿ. ಒಂದು ದಿನ ಡಬ್ಬಿ ಕೈಜಾರಿತು. ಮಣಿಗಳು ನೆಲದ ಮೇಲೆಲ್ಲ ಓಡಿದವು, ಕೆಲವು ಚರಂಡಿ ಸೇರಿದವು, ಒಂದು ಮಾತ್ರ ಯಾರ ಕಣ್ಣಿಗೂ ಬೀಳದ ಹಾಗೆ ಮೆಶೀನಿನ ಗಾಜಿನ ಮೇಲೆ ಹೋಗಿ ಕೂತಿತು. ಬೂದಿಕೋಟೆಯಿಂದ ಮುನಿನಾರಾಯಣಪ್ಪ ಅನ್ನುವವರು ಜಮೀನಿನ ನಕ್ಷೆ ಹಿಡಿದು ಬಂದಿದ್ದರು, ಕಾಪಿ ತೆಗೆಸಿಕೊಂಡು ಎದುರಿಗಿನ ಆಫೀಸಿಗೆ ಹೋದರು, ಸ್ವಲ್ಪ ಹೊತ್ತಿಗೇ ವಾಪಸು ಬಂದರು. ಎಲ್ಲ ಕಾಪಿಯಲ್ಲೂ ಹೊಲದ ನಡುಮಧ್ಯೆ ಒಂದು ದುಂಡು ಕಪ್ಪು ಚುಕ್ಕಿ.

"ಅಲ್ಲಮ್ಮಾ, ನಮ್ಮ ಒಲದಾಗೆ ಬಾವಿ ಐತಾ ಅಂತ ಕೇಳ್ತಾವ್ರೆ," ಅಂದರು ಅವರು ನಿಧಾನವಾಗಿ. "ಇದ್ದಿದ್ರೆ ನನ್ಗೂ ಸಂತೋಸಾನೇ. ಇಲ್ವಲ್ಲ."

ಜಯರಾಮಪ್ಪ ಬಗ್ಗಿ ಗಾಜಿನ ಮೇಲಿನ ಮಣಿಯನ್ನು ಉಗುರಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಅವಳ ಅಂಗೈಗೆ ಇಟ್ಟರು. ಅವತ್ತಿನಿಂದ ಡಬ್ಬಿ ಅಂಗಡಿಯೊಳಗೆ ಬರಕೂಡದು ಅಂತಾಯಿತು.

ಮನೆಯಲ್ಲಿ ಇನ್ನೊಂದು ಹಿಂಸೆ. ಮುನಿಶಾಮಮ್ಮ ಅಡುಗೆ ಮನೆಯ ಬಾಗಿಲಲ್ಲಿ ಕೂತು ಕಾಳು ಆರಿಸುತ್ತಾ ಮಗಳನ್ನೇ ನೋಡುತ್ತಿದ್ದಳು. ಎರಡನೇ ಸರಕ್ಕೇ ಸುಸ್ತಾದೆಯಾ ಅನ್ನುವಳು. ನಾಳೆ ಮಾಡ್ತೀನಿ ಅಂತ ಎತ್ತಿಡಬೇಡ, ನಿನ್ನ ನಾಳೆ ನನಗೆ ಗೊತ್ತು ಅನ್ನುವಳು. ಅಂಬರೀಶ ಒಳಗೆ ಬಂದರೆ, ಅಕ್ಕ, ಐದು ಜನರಲ್ಲಿ ಎರಡೂವರೆ ಜನ ಹಾಕಿಕೊಂಡರೆ ಸಾಕಾ ಅನ್ನುವನು. ವಾಣಿಶ್ರೀ ಹಲ್ಲು ಕಚ್ಚಿ ಪೋಣಿಸಿದಳು. ಸರ ತುಂಡಾಗಿ ಮಣಿ ರಾಗಿ ಡಬ್ಬಕ್ಕೆ ಬಿದ್ದಾಗಲೂ, ಇಡೀ ರಾಗಿಯನ್ನು ಮೊರಕ್ಕೆ ಸುರಿದು, ಹೆಕ್ಕಿ, ಮತ್ತೆ ಪೋಣಿಸಿದಳು. ಹೆಣೆಯುವಾಗ ಒಂದು ಹೂವು ತಪ್ಪಿದರೆ ಅಲ್ಲಿಗೇ ಬಿಚ್ಚಿ ಹಿಂದಕ್ಕೆ ಹೋದಳು. ಮೂರನೇ ಸರದ ಹೊತ್ತಿಗೆ ಅವಳಿಗೆ ಸೆಲ್ವಿಯ ಮೇಲೆ ಸಿಟ್ಟು, ನಾಲ್ಕನೆಯದರ ಹೊತ್ತಿಗೆ ಮದುವೆ ಅನ್ನುವ ಏರ್ಪಾಡಿನ ಮೇಲೇ ಸಿಟ್ಟು. ಆದರೆ ಐದನೆಯದೂ ಮುಗಿಯಿತು. ತನ್ನದೇ ಸರ, ಕೊನೆಗೆ ಮಾಡಿದ್ದು, ಕೈ ಪಳಗಿದ್ದರಿಂದ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಹಳೇ ಸಿಹಿ ಡಬ್ಬಿಯಲ್ಲಿ ಹತ್ತಿ ಹಾಸಿ ಐದನ್ನೂ ಸಾಲಾಗಿ ಮಲಗಿಸಿ, ಅವಳು ಅಮ್ಮನ ಮುಂದೆ ಇಟ್ಟಳು. ಮುನಿಶಾಮಮ್ಮ ನೋಡಿದಳು. ಕಾಳು ಆರಿಸುವುದನ್ನು ನಿಲ್ಲಿಸಿ ನೋಡಿದಳು. ಮುಗಿಸಿಬಿಟ್ಟೆಯಲ್ಲೇ ಅಂದಳು, ಯಾಕೋ ಸ್ವಲ್ಪ ನಿರಾಸೆಯಾದವಳ ಹಾಗೆ.

ಮದುವೆ ನಾಡಿದ್ದು ಅನ್ನುವಾಗ ವಾಣಿಶ್ರೀ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ಗಾಡಿ ಹತ್ತಿದಳು. ಗಣಿಯ ಮಣ್ಣು ಸುರಿದು ಗುಡ್ಡವಾದ ಸೈನೈಡ್ ದಿಬ್ಬದ ಕಡೆಯಿಂದ ಬೀಸಿದ ಗಾಳಿಗೆ ಕಣ್ಣಲ್ಲೆಲ್ಲ ಧೂಳು, ಆದರೂ ಅವಳಿಗೆ ಅವತ್ತು ಎಲ್ಲವೂ ಚೆಂದ ಕಂಡಿತು. ಸೆಲ್ವಿಯ ಮನೆ ಎರಡೇ ಕೋಣೆಯದು, ಅದರಲ್ಲೇ ನೆಂಟರು, ಹೂವು, ಬಾಡಿಗೆಗೆ ತಂದ ಕುರ್ಚಿಗಳು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಐದು ಸೀರೆ ನೇತುಹಾಕಿದ್ದರು. ವಾಣಿಶ್ರೀ ಹೊಸ್ತಿಲಲ್ಲೇ ನಿಂತಳು.

ಸೀರೆಗಳು ಹಸಿರು. ಎಳೇ ಮಾವಿನಕಾಯಿಯ ಸಿಪ್ಪೆ ಇರುತ್ತದಲ್ಲ, ಉಪ್ಪು ಖಾರ ಹಚ್ಚುವ ಮುಂಚೆ, ಆ ಹಸಿರು.

ಸೆಲ್ವಿ ಓಡಿಬಂದು ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದಳು. ಅವಳ ಭುಜದ ಮೇಲಿನಿಂದ ಫಿಲೋಮಿನಾ ಅತ್ತೆ ಇಣುಕಿದಳು. ಗಟ್ಟಿ ಹೆಂಗಸು, ಮೈನ್ಸ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಬೀದಿಯವರೆಲ್ಲ ಅವಳಿಗೆ ಹೆದರುತ್ತಾರೆ.

"ಏನ್ಮಾ ಇದು, ಮಂಜಳ್ ಆಗೈತೆ," ಅಂದಳು ಅತ್ತೆ, ಹಳದಿಗೆ ಅವಳ ಮಾತು ಅದು.

ಸೆಲ್ವಿ ಸರವನ್ನೂ ಸೀರೆಯನ್ನೂ ನೋಡಿ, "ಪಚ್ಚ ಅಂದ್ನಲ್ಲ ಡೀ," ಅಂದಳು.

"ಪಚ್ಚಾನೇ ಮಾಡಿದ್ದೀನಿ," ಅಂದಳು ವಾಣಿಶ್ರೀ. "ನಿನ್ ಸೀರೆ ಆಕುಪಚ್ಚ. ಆಕು ಅಂತ ಏಳ್ಬೇಕಾಗಿತ್ತು."

"ಆಕು ಯಾವ್ದು? ಮಾಂಗಾ ಅಂತ ಬಾಯ್ಬಿಟ್ಟು ಏಳ್ದೆ."

"ಮಾವು ಇನ್ಯಾವ ಬಣ್ಣ ಇರ್ತದೆ?"

"ಅಣ್ಣಾದ್ರೆ ಮಾಂಪಳಂ ಅನ್ನಲ್ವಾ? ಮಾಂಗಾ ಅಂದ್ರೆ ಕಾಯಿ ಡೀ, ಲೂಸು."

ಕೋಣೆಯಲ್ಲಿದ್ದವರೆಲ್ಲ ಎರಡು ಪಕ್ಷವಾದರು. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಆಂಡರ್ಸನ್‌ಪೇಟೆಯ ತೆಲುಗು ಹೆಂಗಸೊಬ್ಬಳು, ಹುಡುಗಿ ಹೇಳುವುದು ಸರಿ, ಪಚ್ಚ ಅಂದರೆ ಇದೇ ಅಂದಳು. ಅವಳ ಪಕ್ಕದವಳು ನಕ್ಕಳು. ಯಾರು ಸರಿ ಅನ್ನುವುದು ಫಿಲೋಮಿನಾ ಅತ್ತೆಗೆ ಬೇಕಿರಲಿಲ್ಲ. ಅಂಗಡಿಯಲ್ಲಿ ತೆಗೆದುಕೋ ಅಂತ ಮೊದಲೇ ಹೇಳಿದ್ದೆ, ನಾಳೆ ಸಂಜೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ನಾನೇ ತರುತ್ತೀನಿ, ಮುಗಿಯಿತು ಅಂದಳು. ವಾಣಿಶ್ರೀ ಸೆಲ್ವಿಯ ಮುಖ ನೋಡಿದಳು. ಬೇಡ ಅತ್ತೆ ಅನ್ನಲಿ ಅಂತ ನೋಡಿದಳು. ಸೆಲ್ವಿ ಡಬ್ಬಿಯ ಮುಚ್ಚಳ ಮುಚ್ಚಿ, ಅದು ಸರಿಯಾಗಿ ಕೂತಿದೆಯಾ ಅಂತ ಸುಮ್ಮನೆ ಎರಡು ಸಲ ಒತ್ತಿದಳು.

"ನಾಳೆ ಮಧ್ಯಾನದ ಗಾಡೀಗೆ ಬತ್ತೀನಿ," ಅಂದಳು ವಾಣಿಶ್ರೀ. "ಅಸ್ರು ಸರ ತತ್ತೀನಿ. ಅಲ್ಲೀವರ್ಗೂ ಯಾರೂ ಅಂಗಡಿಗೆ ಓಗ್ಬೇಡಿ."

ಹೇಳುವುದೇನೋ ಹೇಳಿ ಡಬ್ಬಿ ವಾಪಸು ತೆಗೆದುಕೊಂಡು ಬಂದಳು. ಬಂಗಾರಪೇಟೆಯಲ್ಲಿ ಇಳಿದವಳು ನೇರ ಬಜಾರಿಗೆ ಹೋದಳು. ಫ್ಯಾನ್ಸಿ ಸ್ಟೋರಿನವನು ಹಸಿರಲ್ಲಿ ಇರುವುದು ಇದೇ ಅಂತ ನೆಲ್ಲಿಕಾಯಿ ಗಾತ್ರದ ಪ್ಲಾಸ್ಟಿಕ್ ಮಣಿ ತೋರಿಸಿದ, ಲಾರಿಯ ಮುಂದೆ ಕಟ್ಟುವಂಥದ್ದು. ಇನ್ನೊಂದು ಅಂಗಡಿಯಲ್ಲಿ ಹಸಿರು ಇದ್ದದ್ದು ಬಳೆ ಮಾತ್ರ. ಚಿಕ್ಕಪೇಟೆಯಿಂದ ತರಿಸಿಕೊಡುತ್ತೀನಿ, ಸೋಮವಾರ ಬಾ ಅಂದ ಮೂರನೆಯವನು. ಸೋಮವಾರದ ಹೊತ್ತಿಗೆ ಸೆಲ್ವಿ ಗಂಡನ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾಳೆ. ವಾಣಿಶ್ರೀಗೆ ಅಳು ಬರಲಿಲ್ಲ, ಅಳು ಬಂದಿದ್ದರೆ ಚೆನ್ನಾಗಿತ್ತು, ಬಂದದ್ದು ಬರೀ ಉರಿ. ಮುಗಿಸಿದ್ದಳು. ಡಿಗ್ರಿ ಬಿಟ್ಟರೆ ಜೀವನದಲ್ಲಿ ಮೊದಲನೇ ಸಲ ಒಂದನ್ನು ಪೂರ್ತಿ ಮುಗಿಸಿದ್ದಳು. ಮುಗಿಸಿದರೂ ಆಗಲಿಲ್ಲ ಅಂದರೆ ಇನ್ನೇನು ಮಾಡಬೇಕು.

ಮನೆಗೆ ಬಂದು ಹೊಸ್ತಿಲ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅಂಬರೀಶ ಮಾಂಪಳಂ ಅನ್ನುವಲ್ಲಿಗೆ ನಗಲು ಶುರುಮಾಡಿ, ಅಕ್ಕನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಮುನಿಶಾಮಮ್ಮ ಒಳಗೆ ಹೋಗಿ ಸ್ಟೂಲು ತಂದಳು, ಮಗಳನ್ನು ಪಕ್ಕಕ್ಕೆ ಸರಿಸಿ ಬಾಗಿಲಲ್ಲಿ ಇಟ್ಟಳು, ಹತ್ತಿ, ತೋರಣದ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದಳು.

ವಾಣಿಶ್ರೀ ಗಾಬರಿಯಾಗಿ ಎದ್ದು ಅಮ್ಮನ ಸೆರಗು ಹಿಡಿದಳು. ಅದು ಅಮ್ಮ ತವರಿನಿಂದ ತಂದ ತೋರಣ, ಕೈಯಾರೆ ಮಾಡಿದ್ದು, ಹಬ್ಬಕ್ಕೊಂದು ಸಲ ಒರೆಸಲಿಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. ಬೇಡ ಅಂದಳು. 'ತ' ಒಂದು ಉದುರಿದರೆ ಉದುರಲಿ, ಮಿಕ್ಕದ್ದಾದರೂ ಇರಲಿ ಅಂದಳು.

"ಉದುರಿಲ್ಲ ಬಿಡೇ," ಅಂದಳು ಮುನಿಶಾಮಮ್ಮ, ಮೊಳೆಯ ಕಡೆಯೇ ನೋಡುತ್ತಾ. "ಆ 'ತ'ನ ನಾನು ಆಕೇ ಇಲ್ಲ."

"ಏನಂದೆ?"

"ಬಿಳೀ ಮಣಿ ಮುಗ್ದೋಯ್ತು. ತಂದು ಆಕಾನ ಅಂದ್ಕೊಂಡೆ. ಅಷ್ಟ್ರಾಗೆ ಮದ್ವೆ ಆಯ್ತು, ಆಮೇಲೆ ನೀನು ಉಟ್ಟಿದೆ. ಇಡ್ಕೋ ಈ ಕಡೆ."

ತೋರಣ ಕೆಳಗಿಳಿಯಿತು. ಅದರ ಒಂದು ತುದಿ ವಾಣಿಶ್ರೀಯ ಕೈಯಲ್ಲಿತ್ತು. ಒಂದೇ ತೋಳಿನ ರವಿಕೆ, ಕಂಪ್ಯೂಟರ್ ಕೋರ್ಸು, ತಟ್ಟೆಯ ಎರಡು ತುತ್ತು, ಇಷ್ಟು ವರ್ಷದ ಅಷ್ಟೂ ಮಾತು ಅವಳ ನಾಲಿಗೆಗೆ ಒಟ್ಟಿಗೆ ಬಂತು. ಈ ಬಾಯಲ್ಲಿ ನನಗೆ ಹೇಳುತ್ತಿದ್ದೆಯಾ ಅಂತ ಅಲ್ಲೇ ಒಂದು ದೊಡ್ಡ ಜಗಳ ತೆಗೆಯಬೇಕಿತ್ತು. ಆದರೆ ಜಗಳಕ್ಕೂ ಪುರುಸೊತ್ತು ಬೇಕು. ಇರಲಿ, ಇದನ್ನು ಆಮೇಲೆ ನೋಡಿಕೊಳ್ಳುತ್ತೀನಿ ಅಂತ ಅವಳು ಆ ಜಗಳವನ್ನು ಎತ್ತಿಟ್ಟು ಕತ್ತರಿ ಹುಡುಕಿದಳು.

ಹಳೇ ದಾರ ಮುಟ್ಟಿದರೆ ಪುಡಿ. ಮೊದಲನೇ ಗಿಳಿಯ ಕೊಕ್ಕು ಕತ್ತರಿಸಿದ್ದೇ ತಡ, ಕತ್ತು, ರೆಕ್ಕೆ, ಬಾಲ ಎಲ್ಲ ಜರ್ರನೆ ಚಾಪೆಯ ಮೇಲೆ ಸುರಿಯಿತು. ಮಣಿಗಳ ಮೇಲೆ ಇಪ್ಪತ್ತೈದು ವರ್ಷದ ಧೂಳು, ಒಗ್ಗರಣೆ ಹೊಗೆ, ಅಗರಬತ್ತಿ ಹೊಗೆ. ಸೋಪಿನ ನೀರಿನಲ್ಲಿ ಅದ್ದಿ, ಟೀ ಸೋಸುವ ಜರಡಿಯಲ್ಲಿ ತೊಳೆದು, ಟವೆಲ್ಲಿನ ಮೇಲೆ ಹರವಿದಾಗ ಒಳಗಿನ ಬಣ್ಣ ಬಂತು. ಎಳೇ ಮಾವಿನಕಾಯಿಯ ಹಸಿರೇ, ಒಂದು ಚೂರು ಗಾಢ. ಮುತ್ತು ಮತ್ತು ಕೊಂಡಿ ಬೇರೆ ಇರಲಿಲ್ಲ, ಹಳದಿ ಸರಗಳಿಂದಲೇ ಬಿಚ್ಚಿ ತೆಗೆಯಬೇಕಿತ್ತು. ತಾನು ಮುಗಿಸಿದ್ದನ್ನು ತಾನೇ ಕತ್ತರಿಸುವಾಗ ವಾಣಿಶ್ರೀ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಒಂದು ಹಸಿರು ಸರ ಶುರುಮಾಡುವಾಗ ಒಂದು ಹಳದಿ ಸರ ಬಿಚ್ಚುವುದು, ಹಾಗೆ ನಡೆಯಿತು.

ಮುನಿಶಾಮಮ್ಮನೂ ಕೂತಳು, ಕೂತದ್ದು ಇನ್ನೊಂದು ತಾಪತ್ರಯ. ಆಕೆಗೆ ಕಣ್ಣು ಸಾಲದು, ಲೆಕ್ಕ ತಪ್ಪುತ್ತದೆ, ತಪ್ಪಿದೆ ಅಂದರೆ ಒಪ್ಪುವುದಿಲ್ಲ, ಹೀಗೇ ಚೆಂದ ಅನ್ನುತ್ತಾಳೆ. ಹೆಣಿಗೆಯ ಹೂವಿಗೆ ಆಕೆ ತನ್ನದೇ ಹಳೇ ಗಿಳಿಯ ಕಟ್ಟು ಹಾಕಿದಳು, ಹೂವಿನ ಜಾಗದಲ್ಲೆಲ್ಲ ಗಿಳಿ ಮೂಗು ಬಂತು. ವಾಣಿಶ್ರೀ ಬಿಚ್ಚಿದಳು. ಆಕೆ ಮತ್ತೆ ಹಾಕಿದಳು. ಒಂದು ಸರ ಹಾಗೇ ಗಿಳಿ ಮೂಗಿನಲ್ಲೇ ಉಳಿಯಿತು, ಬಿಚ್ಚಲು ಹೊತ್ತಿರಲಿಲ್ಲ, ಅದನ್ನು ಸುಮಿತಾಗೆ ಕೊಡುವುದು ಅಂತಾಯಿತು, ಅವಳು ದುಪ್ಪಟ್ಟು ಮಾತಾಡುವವಳು, ಯಾರೂ ಅವಳ ಕತ್ತು ನೋಡುವುದಿಲ್ಲ.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹಸಿರು ಸರ ಆದವು. ಎರಡು ಗಿಳಿ, ಇಡೀ ಬಳ್ಳಿ, ಎಲ್ಲ ಹೋಗಿ ಟವೆಲ್ಲಿನ ಮೇಲೆ ಉಳಿದದ್ದು ಒಂದು ಚಮಚದಷ್ಟು ಮಣಿ. ಐದನೆಯದಕ್ಕೆ ಅದು ಕಿವಿಯಿಂದ ಕಿವಿಗೂ ಸಾಲದು. ವಾಣಿಶ್ರೀ ಆ ಮಣಿಗಳನ್ನು ಬೆರಳಲ್ಲಿ ಒಂದು ಕಡೆಗೆ ಗುಡ್ಡೆ ಮಾಡಿದಳು, ಹರಡಿದಳು, ಮತ್ತೆ ಗುಡ್ಡೆ ಮಾಡಿದಳು, ಹಾಗೆ ಮಾಡಿದರೆ ಹೆಚ್ಚಾಗುತ್ತವೇನೋ ಅನ್ನುವ ಹಾಗೆ. ಅಷ್ಟಕ್ಕೇ ಪೋಣಿಸಿ ಹಿಂದೆ ಬರೀ ದಾರ ಬಿಡು, ಜಡೆ ಮುಚ್ಚುತ್ತದೆ ಅಂದಳು ಅಮ್ಮ. ವಾಣಿಶ್ರೀ ತಲೆ ಎತ್ತಿ ಅಮ್ಮನನ್ನು ನೋಡಿದ ರೀತಿಗೆ ಮುನಿಶಾಮಮ್ಮ ಎದ್ದು ಒಲೆಯ ಕಡೆ ಹೋದಳು.

ಡಬ್ಬಿಯಲ್ಲಿ ಒಂದು ಹಳದಿ ಸರ ಇನ್ನೂ ಮಲಗಿತ್ತು, ಬಿಚ್ಚದೇ ಉಳಿದದ್ದು. ಅವಳದೇ. ಪೂರ್ತಿ ಆದದ್ದು. ಅವಳು ಅದನ್ನು ನಾಲ್ಕು ಹಸಿರಿನ ಪಕ್ಕ ಇಟ್ಟು, ಮುಚ್ಚಳ ಹಾಕಿ, ಗಾಡಿಗೆ ಓಡಿದಳು. ಮೈಸೂರು ಮೈನ್ಸ್‌ನಲ್ಲಿ ಸೆಲ್ವಿಯ ಮುಖಕ್ಕೆ ಗೋಧಿ ಹಿಟ್ಟೋ ಕಡಲೆ ಹಿಟ್ಟೋ ಬಳಿದಿದ್ದರು, ಅವಳಿಗೆ ಬಾಯಿ ತೆಗೆಯುವ ಹಾಗಿರಲಿಲ್ಲ, ಡಬ್ಬಿ ತೆರೆದು ನೋಡಿ ಬರೀ ಕಣ್ಣಲ್ಲೇ ಏನೋ ಅಂದಳು. ವಾಣಿಶ್ರೀಗೆ ಅದು ಸಾಲಲಿಲ್ಲ. ಸೆಲ್ವಿ ನಿನ್ನೆ ಬರೀ ಮುಚ್ಚಳ ಒತ್ತಿದ್ದು ಅವಳಿಗೆ ಇನ್ನೂ ಮರೆತಿರಲಿಲ್ಲ.

ಮಾರನೇ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಐವರೂ ಸಾಲಾಗಿ ನಿಂತರು. ಒಳಗೆ ಪಿಯಾನೋ ಶುರುವಾಗಿತ್ತು, ಕೊನೆಯ ಸಾಲಿನ ಬೆಂಚಿನಲ್ಲಿ ಮುನಿಶಾಮಮ್ಮ ಚಪ್ಪಲಿ ಬಿಚ್ಚಬೇಕೋ ಬೇಡವೋ ಅಂತ ತಿಳಿಯದೆ ಒಂದನ್ನು ಮಾತ್ರ ಬಿಚ್ಚಿ ಕೂತಿದ್ದಳು. ವಾಣಿಶ್ರೀಗೆ ಮುಂದಿನ ನಾಲ್ವರ ಕತ್ತು ಕಾಣುತ್ತಿತ್ತು, ಕಂಡದ್ದೆಲ್ಲ ತಪ್ಪೇ. ಒಂದು ಸರ ಎಡಕ್ಕೆ ವಾಲಿತ್ತು. ಒಂದರ ಕೊಂಡಿ ಮುಂದಕ್ಕೆ ಬಂದಿತ್ತು. ಸುಮಿತಾ ಗಿಳಿ ಮೂಗನ್ನು ಬೆರಳಲ್ಲಿ ತಡವಿ ತಡವಿ, ಇದೇನೋ ಸ್ಪೆಷಲ್ ಅಂತ ಎಲ್ಲರಿಗೂ ತೋರಿಸುತ್ತಿದ್ದಳು. ವಾಣಿಶ್ರೀಗೆ ಅಲ್ಲೇ ಕತ್ತರಿ ತೆಗೆದು ಎಲ್ಲವನ್ನೂ ಬಿಚ್ಚಿ ಮತ್ತೆ ಪೋಣಿಸಬೇಕು ಅನ್ನಿಸಿತು.

ಫಿಲೋಮಿನಾ ಅತ್ತೆ ಸೀರೆಯ ನೆರಿಗೆ ಸರಿಮಾಡುತ್ತಾ ಸಾಲಿನುದ್ದಕ್ಕೂ ಬಂದಳು. ಕೊನೆಗೆ ಬಂದು ವಾಣಿಶ್ರೀಯ ಮುಂದೆ ನಿಂತಳು. ಕತ್ತು ನೋಡಿದಳು.

"ನಾಲ್ಕೂ ಪಚ್ಚ, ಇವ್ಳದು ಮಾತ್ರ ಯಾಕೆ ಮಂಜಳ್?"

ವಾಣಿಶ್ರೀ ಉತ್ತರಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಬಿಳೀ ಮುಸುಕಿನೊಳಗಿನಿಂದ ಸೆಲ್ವಿ ತಿರುಗಿದಳು.

"ಐದೂ ಪಚ್ಚಾನೇ ಅತ್ತೆ," ಅಂದಳು. "ಅವ್ಳದು ತೆಲುಗು ಪಚ್ಚ. ಅದು ಇಂಗೇ ಇರ್ಬೇಕು, ನಾನೇ ಏಳಿದ್ದು."

ಅತ್ತೆ ಸರವನ್ನು ಇನ್ನೊಂದು ಸಲ ನೋಡಿದಳು, ಹೆಣಿಗೆಯ ಹೂವನ್ನು ಉಗುರಿನಲ್ಲಿ ಮೆಲ್ಲಗೆ ಮುಟ್ಟಿದಳು, ಎಲ್ಲದರಲ್ಲೂ ಇದೇ ನೆಟ್ಟಗೆ ಬಂದಿರೋದು ಅಂತ ಗೊಣಗಿ ಪಕ್ಕಕ್ಕೆ ಸರಿದಳು. ಬಾಗಿಲು ತೆರೆಯಿತು. ಐವರೂ ನಡೆಯತೊಡಗಿದರು. ವಾಣಿಶ್ರೀ ಕೊನೆಯವಳು, ಹೂಗುಚ್ಛ ಎರಡೂ ಕೈಯಲ್ಲಿ ಹಿಡಿದಿದ್ದರಿಂದ ಕತ್ತಿನ ಹಿಂದೆ ಚುಚ್ಚುತ್ತಿದ್ದ ನೇಲ್ ಪಾಲಿಶ್ ಗಂಟನ್ನು ಸರಿಸಲಾಗಲಿಲ್ಲ. ಹೆಜ್ಜೆಗೊಮ್ಮೆ ಚುಚ್ಚಿತು. ಅವಳು ತುಟಿ ಬಿಗಿಹಿಡಿದು ನಡೆದಳು, ಕೊನೆಯ ಬೆಂಚಿನ ಪಕ್ಕ ಹಾಯುವಾಗ ಒಂದೇ ಚಪ್ಪಲಿಯ ಅಮ್ಮನನ್ನು ಕಣ್ಣಂಚಿನಲ್ಲಿ ನೋಡಿದಳು, ಮನೆಗೆ ಹೋದ ತಕ್ಷಣ ಮೊದಲು ಆ 'ತ'ದ ವಿಷಯ ಎತ್ತಬೇಕು, ಈ ಜಗಳ ಮಾತ್ರ ಅರ್ಧಕ್ಕೆ ಬಿಡಬಾರದು ಅಂದುಕೊಂಡಳು.